ನಾನೂರು ಕೆಟ್ಟ ಪೀಸು

ಕಾಗದ ಇಂಗ್ಲಿಷಿನಲ್ಲಿತ್ತು. ಹತ್ತೊಂಬತ್ತು ವರ್ಷ ಒಂದೇ ಬೆಂಚಿನ ಮುಂದೆ ಕೂತು ದುಡಿದ ಹೆಂಗಸನ್ನು ಬೈಯುವುದಿದ್ದರೆ ಅವಳಿಗೆ ತಿಳಿಯುವ ಮಾತಿನಲ್ಲಾದರೂ ಬೈಯಬಾರದೇ? ಅಂಜನಮ್ಮ ಅದನ್ನು ಎರಡು ಸಲ ತಿರುಗಿಸಿ ನೋಡಿ, ಪ್ಯಾಕಿಂಗ್ ಹಾಲಿನ ಮೂಲೆಯಲ್ಲಿ ಶರಣಮ್ಮನ ಕೈಗೆ ಕೊಟ್ಟಳು. ಶರಣಮ್ಮ ಕಲಬುರಗಿ ಕಡೆಯವಳು, ಪಿಯುಸಿ ಓದಿದವಳು, ಆರು ವರ್ಷದಿಂದ ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವಳು. ಅವಳು ತುಟಿ ಅಲ್ಲಾಡಿಸುತ್ತ ಓದಿದಳು. ಓದಿ ಮುಗಿಸಿ ಮತ್ತೆ ಮೇಲಿನಿಂದ ಓದತೊಡಗಿದಳು.

"ಏನೇ ಅದು? ಬಾಯಿ ಬಿಡು."

"ಯಕ್ಕಾ, ನೀ ಬೇಕಂತನ ಮಷೀನಿಗೆ ತಪ್ಪು ಕಲಿಸೀದಿ ಅಂತ ಬರದಾರ. ನೌಕರಿ ಹೋಗ್ತದಂತ ಹೆದರಿ, ಕ್ಯಾಮೆರಾಕ್ಕ ಕೆಟ್ಟ ಹೆಸರು ಬರಲಿ ಅಂತ ಹಿಂಗ ಮಾಡೀದಿ ಅಂತ. ಮೂರು ದಿನದಾಗ ಉತ್ತರ ಕೊಡಬೇಕಂತ."

ಅಂಜನಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕೆಲಸ ಬರದವಳು ಅಂದಿದ್ದರೆ ನಕ್ಕುಬಿಡುತ್ತಿದ್ದಳು. ಕಣ್ಣು ಮಂಜಾಗಿದೆ ಅಂದಿದ್ದರೂ ಸಹಿಸಿಕೊಳ್ಳುತ್ತಿದ್ದಳು, ಐವತ್ತೆರಡಾಯಿತಲ್ಲ. ಆದರೆ ಬೇಕೆಂದೇ ಮಾಡಿದಳಂತೆ! ಸ್ಕೂಟರಿನ ಬ್ರೇಕಿಗೆ ಹೋಗುವ ಪೀಸನ್ನು ತೂತಿದೆಯೆಂದು ಗೊತ್ತಿದ್ದೂ ಒಳ್ಳೆಯದು ಅಂದಳಂತೆ! ಇದು ಕಳ್ಳತನಕ್ಕಿಂತ ಕೆಟ್ಟ ಮಾತು. ಕಳ್ಳನಾದರೂ ಕದ್ದದ್ದನ್ನು ಮನೆಗೆ ಒಯ್ಯುತ್ತಾನೆ.

ಈ ಕೆಲಸವಿಲ್ಲದಿದ್ದರೆ ಅವಳ ಮನೆಯಲ್ಲಿ ಒಲೆ ಉರಿಯುವುದಿಲ್ಲ ಎಂದೇನೂ ಅಲ್ಲ. ನಾಗಸಂದ್ರದಲ್ಲಿ ಗಂಡ ರಾಮಾಂಜಿನಪ್ಪ ಇದ್ದ ಜಾಗದಲ್ಲೇ ಆರು ಸಿಂಗಲ್ ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾನೆ. "ಬಿಟ್ಟಾಕು ಆ ಕೆಲಸ್ವ, ಬಾಡ್ಗೆ ಬತ್ತದೆ, ಮನೇಗ್ ಕುಂತ್ಕೊ" ಅಂತ ಅವನು ಹೇಳುತ್ತಲೇ ಇರುತ್ತಾನೆ. ಬಿಡಬಹುದಿತ್ತು. ಆದರೆ ಹೀಗೊಂದು ಹೆಸರು ಹೊತ್ತುಕೊಂಡು ಬಿಡುವುದು ಹೇಗೆ? ಪೀಣ್ಯ ಎರಡನೇ ಹಂತದ ಆ ಬೀದಿಯ ಕಾರ್ಖಾನೆಗಳಲ್ಲೆಲ್ಲ ಅಂಜನಮ್ಮ ನೋಡಿದ ಮಾಲು ಅಂದರೆ ಮತ್ತೊಮ್ಮೆ ನೋಡುವುದು ಬೇಡ ಅನ್ನುತ್ತಿದ್ದರು. ಅವಳು ಸಂಪಾದಿಸಿದ್ದರಲ್ಲಿ ಅದೊಂದೇ ಪೂರ್ತಿಯಾಗಿ ಅವಳದ್ದು.

ಅವಳ ಕೆಲಸ ನೋಡುವುದು. ಕೇಳಿದವರಿಗೆ ಇಷ್ಟೇನಾ ಅನ್ನಿಸುತ್ತದೆ. ಬೆಂಚಿನ ಮೇಲೆ ಅಲ್ಯೂಮಿನಿಯಂ ಎರಕದ ಪೀಸುಗಳು ಬರುತ್ತವೆ. ಸ್ಕೂಟರಿನ ಹ್ಯಾಂಡಲ್ಲಿನ ಮೇಲೆ ಕೂರುವ, ಬ್ರೇಕ್ ಎಣ್ಣೆ ತುಂಬುವ ಪುಟ್ಟ ಬಟ್ಟಲು ಅದು. ಎರಕ ಹೊಯ್ಯುವಾಗ ಗಾಳಿ ಸಿಕ್ಕಿಹಾಕಿಕೊಂಡರೆ ಅದರ ಗೋಡೆಯಲ್ಲಿ ಸೂಜಿಮೊನೆಯಷ್ಟು ತೂತು ಉಳಿಯುತ್ತದೆ. ಆ ತೂತಿನಿಂದ ಎಣ್ಣೆ ಒಸರಿದರೆ ಬ್ರೇಕು ಹಿಡಿಯುವುದಿಲ್ಲ. ನೇರವಾಗಿ ನೋಡಿದರೆ ಅದು ಯಾರಿಗೂ ಕಾಣದು. ಪೀಸನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು, ಮಣಿಕಟ್ಟು ನಿಧಾನ ತಿರುಗಿಸಬೇಕು. ಬೆಳಕು ಗೋಡೆಯ ಮೇಲೆ ಜಾರುತ್ತ ಹೋಗುವಾಗ ಒಂದು ಕಡೆ ಕೂದಲೆಳೆಯಷ್ಟು ನೆರಳು ತಡವರಿಸುತ್ತದೆ. ಅದೇ ತೂತು. ಅಂಜನಮ್ಮ ದಿನಕ್ಕೆ ಮುನ್ನೂರು ಪೀಸನ್ನು ಹೀಗೆ ತಿರುಗಿಸುತ್ತಿದ್ದಳು. ಬೆಂಚಿನಲ್ಲಿ ನಾಲ್ವರು ಹೆಂಗಸರು, ಒಟ್ಟು ಸಾವಿರದ ಇನ್ನೂರು ಪೀಸು, ಮೂವತ್ತು ಮೂವತ್ತೈದು ಕೆಟ್ಟವು ದಿನವೂ ಸಿಗುತ್ತಿದ್ದವು.

ಸಿಕ್ಕ ಮೇಲೆ ಇನ್ನೊಂದು ರಗಳೆ. ಎರಕದ ವಿಭಾಗದ ಗಂಡಸರು ಆ ಪೀಸನ್ನು ಮೂಗಿನ ಹತ್ತಿರ ಹಿಡಿದು, "ಎಲ್ಲೈತಮ್ಮ ತೂತು? ಕನಸಲ್ಲಿ ಕಂಡ್ಯಾ?" ಅಂತ ಹಿಂದಕ್ಕೆ ಕಳಿಸುತ್ತಿದ್ದರು. ಹೋಗಿ ತೋರಿಸಿ ಬರುವಷ್ಟರಲ್ಲಿ ಅರ್ಧ ಗಂಟೆ. ಮಾರ್ಕರ್ ಪೆನ್ನು ಕೇಳಿದರೆ ಸ್ಟೋರಿನವನು ತಿಂಗಳಿಗೆ ಒಂದು ಕೊಡುತ್ತಿದ್ದ, ಅದೂ ಎಣ್ಣೆ ಮೆತ್ತಿದ ಲೋಹದ ಮೇಲೆ ಬರೆಯದು. ಒಂದು ದಿನ ಅಂಜನಮ್ಮ ಮಗಳ ನೇಲ್ ಪಾಲಿಶ್ ಬಾಟಲಿ ತಂದಳು, ಕಡುಗೆಂಪು. ತೂತಿನ ಪಕ್ಕದಲ್ಲೇ ಒಂದು ಚುಕ್ಕೆ. "ಚುಕ್ಕೆ ಪಕ್ಕ ನೋಡ್ಕೊಳ್ರಪ್ಪ, ಕನಸು ಅಲ್ಲೈತೆ." ಅಲ್ಲಿಗೆ ಗಂಡಸರ ಬಾಯಿ ಮುಚ್ಚಿತು. ಹನ್ನೊಂದು ವರ್ಷದಿಂದ ಆ ಬೆಂಚಿಗೆ ಬಂದವರೆಲ್ಲ ಹೀಗೇ ಮಾಡುತ್ತಿದ್ದರು, ಬಾಟಲಿಯನ್ನು ಸರದಿಯ ಮೇಲೆ ತರುತ್ತಿದ್ದರು. ಇದು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಮೇಲಿನವರು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಕೆಲಸ ನಡೆಯುತ್ತಿತ್ತಲ್ಲ.

ಕ್ಯಾಮೆರಾ ಬಂದದ್ದು ಆಯುಧಪೂಜೆ ಆದ ಮರುವಾರ. ವೈಟ್‌ಫೀಲ್ಡಿನ ಒಂದು ಕಂಪನಿಯಿಂದ ನರೇಶ್ ಎಂಬ ಇಂಜಿನಿಯರ್ ಬಂದ, ಇಪ್ಪತ್ತೇಳರ ಹುಡುಗ, ಮಾತು ಮೃದು. ಕ್ಯಾಂಟೀನಿನಲ್ಲಿ ಪರದೆ ಬಿಟ್ಟು ಎಲ್ಲರಿಗೂ ಪಾಠ ಮಾಡಿದ. ಬೆಲ್ಟಿನ ಮೇಲೆ ಪೀಸು ಸಾಗುತ್ತದೆ, ಸೆನ್ಸರ್ ಅದು ಬಂತೆಂದು ಹೇಳುತ್ತದೆ, ಮೇಲಿನ ಬಳೆಯಂಥ ದೀಪ ಮಿಂಚುತ್ತದೆ, ಕ್ಯಾಮೆರಾ ಕಪ್ಪುಬಿಳುಪು ಫೋಟೋ ತೆಗೆಯುತ್ತದೆ, ಕಂಪ್ಯೂಟರ್ ಒಳ್ಳೆಯದೋ ಕೆಟ್ಟದೋ ತೀರ್ಮಾನ ಮಾಡುತ್ತದೆ, ಕೆಟ್ಟದಾದರೆ ಗಾಳಿಯ ಸಿಲಿಂಡರ್ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಒಂದು ಪೀಸಿಗೆ ಒಂದೂವರೆ ಸೆಕೆಂಡು.

"ಅದುಕ್ಕೆ ತೂತು ಅಂದ್ರೇನು ಅಂತ ಎಂಗೆ ಗೊತ್ತಾಯ್ತದೆ?" ಅಂತ ಅಂಜನಮ್ಮ ಕೇಳಿದ್ದಳು.

"ಗೊತ್ತಿರಲ್ಲ ಮೇಡಂ, ಒಳ್ಳೆ ಪ್ರಶ್ನೆ. ನಾವು ಒಳ್ಳೆ ಪೀಸಿಂದು ಒಂದು ರಾಶಿ ಫೋಟೋ ಕೊಡ್ತೀವಿ, ಕೆಟ್ಟ ಪೀಸಿಂದು ಒಂದು ರಾಶಿ. ಎರಡಕ್ಕೂ ಏನು ವ್ಯತ್ಯಾಸ ಅಂತ ಅದೇ ಹುಡುಕ್ಕೊಳುತ್ತೆ. ನಾವು ತೂತು ಅಂತ ಹೇಳ್ಕೊಡೋದೇ ಬೇಡ."

"ಬ್ಯಾರೆ ಏನಾರ ಉಡುಕ್ಕೊಂಬಿಟ್ರೆ?"

ಎಲ್ಲರೂ ನಕ್ಕರು. ಕ್ವಾಲಿಟಿ ಮ್ಯಾನೇಜರ್ ಗುರುರಾಜ್ ಎಲ್ಲರಿಗಿಂತ ಜೋರಾಗಿ ನಕ್ಕು, "ಅಂಜನಮ್ಮ, ಅವರು ಎಂಟೆಕ್ ಓದಿದಾರೆ" ಅಂದರು. ಓದಿದವರಿಗೆ ಪ್ರಶ್ನೆ ಕೇಳಬಾರದೆಂಬ ನಿಯಮ ಅಂಜನಮ್ಮನಿಗೆ ಗೊತ್ತಿರಲಿಲ್ಲ.

ಆಮೇಲೆ ಎರಡು ದಿನ ಫೋಟೋ ತೆಗೆಯುವ ಕೆಲಸ. ಕೆಟ್ಟವುಗಳ ತೊಟ್ಟಿಯಿಂದ ನಾನೂರು ಪೀಸು ಆರಿಸಿ ಹೆಂಗಸರೇ ಒಂದೊಂದಾಗಿ ಬೆಲ್ಟಿನ ಮೇಲಿಟ್ಟರು. ನರೇಶ್ ಎ.ಸಿ. ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ. ಧೂಳು ಹೋಗುತ್ತದೆಂದು ಹೆಂಗಸರಿಗೆ ಆ ಕೋಣೆಗೆ ಪ್ರವೇಶವಿರಲಿಲ್ಲ. ನರೇಶ್ ಎರಡು ದಿನದಲ್ಲಿ ಒಂದೇ ಒಂದು ಪೀಸನ್ನೂ ಕೈಯಲ್ಲಿ ಹಿಡಿದು ನೋಡಲಿಲ್ಲ. ಕೊನೆಗೆ ಒಂದು ಹಾಳೆ ಕೊಟ್ಟು, ಈ ನಾನೂರೂ ಕೆಟ್ಟವು ಎಂದು ಸಹಿ ಹಾಕಿ ಅಂದ. ಕೆಟ್ಟವೇ ಆಗಿದ್ದವು. ಅಂಜನಮ್ಮ ಸಹಿ ಹಾಕಿದಳು.

ಪರೀಕ್ಷೆಯ ದಿನ ತೆಂಗಿನಕಾಯಿ ಒಡೆದು ಕ್ಯಾಮೆರಾ ಶುರು ಮಾಡಿದರು. ಅದೇ ತೊಟ್ಟಿಯ ಇನ್ನೂ ಐವತ್ತು ಕೆಟ್ಟ ಪೀಸನ್ನು ಒಳ್ಳೆಯವುಗಳ ಜೊತೆ ಬೆರೆಸಿ ಬಿಟ್ಟರು. ಐವತ್ತನ್ನೂ ತಳ್ಳಿತು, ಒಂದೂ ತಪ್ಪಲಿಲ್ಲ. ಮಾಲೀಕರು ಚಪ್ಪಾಳೆ ಹೊಡೆದರು, ಮೈಸೂರುಪಾಕು ಹಂಚಿದರು. ಮರುದಿನ ಬೆಂಚು ಎತ್ತಿ ಗೋಡೆಗೆ ಒರಗಿಸಿದರು, ನಾಲ್ವರನ್ನೂ ಪ್ಯಾಕಿಂಗಿಗೆ ಹಾಕಿದರು. ಒಬ್ಬರಾದರೂ ಬಂದು, ಇಷ್ಟು ವರ್ಷ ನೋಡಿದಿರಿ, ಕಣ್ಣು ನೋಯಲಿಲ್ಲವೇ ಎಂದು ಕೇಳಲಿಲ್ಲ.

ಮೊದಲ ವಾರವೇ ಅಂಜನಮ್ಮನಿಗೆ ಅನುಮಾನ ಬಂತು. ಕೆಟ್ಟವುಗಳ ತೊಟ್ಟಿ ಖಾಲಿ! ದಿನಕ್ಕೆ ಒಂದೋ ಎರಡೋ ಪೀಸು ಬಿದ್ದಿರುತ್ತಿದ್ದವು. ನೋಡಿದರೆ ಒಂದಕ್ಕೆ ಮಸಿ ಮೆತ್ತಿರುತ್ತಿತ್ತು, ಇನ್ನೊಂದಕ್ಕೆ ಎಣ್ಣೆಯ ಕಲೆ. ಗುರುರಾಜ್ ಬೋರ್ಡಿನ ಮೇಲೆ 'ಕೆಟ್ಟ ಪೀಸು: ಶೇಕಡಾ 0.1' ಅಂತ ಬರೆಸಿ ಫೋಟೋ ಹಿಡಿಸಿಕೊಂಡರು. ಅಂಜನಮ್ಮ ಸೂಪರ್‌ವೈಸರ್ ಮುನಿಕೃಷ್ಣನ ಹತ್ತಿರ ಹೋದಳು.

"ಎರಕ ಅದೇ, ಅಚ್ಚು ಅದೇ, ಉಯ್ಯೋ ಗಂಡಸ್ರೂ ಅವ್ರೇ. ಮೂವತ್ತು ಕೆಟ್ಟಿದ್ದು ಒಂದೇ ರಾತ್ರೀಲಿ ಎಲ್ಲೋದ್ವು, ಮುನಿಕೃಷ್ಣ?"

"ನಿನಗ್ಯಾಕಮ್ಮ? ಪ್ಯಾಕಿಂಗ್ ಮಾಡು, ಸಾಕು."

ಎರಡನೇ ವಾರ, ಪೆಟ್ಟಿಗೆಗೆ ತುಂಬುವಾಗ, ಕೈ ತನ್ನ ಅಭ್ಯಾಸಕ್ಕೆ ತಾನು ಒಂದು ಪೀಸನ್ನು ಬೆಳಕಿಗೆ ತಿರುಗಿಸಿತು. ತೂತು! ಅಂಜನಮ್ಮ ಸೊಂಟದ ಚೀಲದಿಂದ ಬಾಟಲಿ ತೆಗೆದು ಪಕ್ಕದಲ್ಲಿ ಚುಕ್ಕೆ ಇಟ್ಟು, ಮುನಿಕೃಷ್ಣನ ಮುಂದೆ ಹಿಡಿದಳು. ಅವನು ಅದನ್ನು ಕಿತ್ತುಕೊಂಡು ಬೆಲ್ಟಿನ ಮೇಲೆ ಎಸೆದ. ದೀಪ ಮಿಂಚಿತು, ಗಾಳಿ ಬುಸ್ಸೆಂದಿತು, ಪೀಸು ಪಕ್ಕಕ್ಕೆ ಬಿತ್ತು.

"ನೋಡು! ಹಿಡೀತೋ ಇಲ್ವೋ? ಹಾಗಾದ್ರೆ ನಿನ್ನ ಪೆಟ್ಟಿಗೆಗೆ ಹೆಂಗೆ ಬಂತು? ಬೆಲ್ಟಿಗೆ ಹೋಗೋಕೆ ಮುಂಚೇನೇ ಎತ್ಕೊಂಡು ಇಟ್ಕೊಂಡಿದ್ದೀಯ. ಕ್ಯಾಮೆರಾಕ್ಕೆ ಕೆಟ್ಟ ಹೆಸರು ತರೋಕೆ!"

ಎಲ್ಲರ ಮುಂದೆ ಹೀಗಂದ. ಇವನಿಗೆ ಅಳತೆಯ ಗೇಜು ಹಿಡಿಯುವುದನ್ನು ಕಲಿಸಿದವಳು ಅಂಜನಮ್ಮ. ಪೀಸು ಬೆಲ್ಟಿನಿಂದಲೇ ಬಂದಿತ್ತು, ಅದು ಅವಳಿಗೆ ಗೊತ್ತು. ಆದರೆ ಮೊದಲ ಸಲ ಬಿಟ್ಟದ್ದನ್ನು ಎರಡನೇ ಸಲ ಹಿಡಿದದ್ದು ಹೇಗೆ? ನಾಲ್ಕು ದಿನ ಅದೇ ಚಿಂತೆ ತಲೆಯಲ್ಲಿ ಕೊರೆಯಿತು.

ಮೂರನೇ ವಾರದ ಕೊನೆಗೆ ಹೊಸೂರಿನ ಸ್ಕೂಟರ್ ಕಾರ್ಖಾನೆಯಿಂದ ಹನ್ನೆರಡು ಪೀಸು ವಾಪಸು ಬಂದವು. ಅಲ್ಲಿ ಸಾವಿರಕ್ಕೆ ಐವತ್ತನ್ನು ಮಾತ್ರ ಎಣ್ಣೆಯ ಒತ್ತಡ ಹಾಕಿ ಪರೀಕ್ಷಿಸುತ್ತಾರೆ. ಹನ್ನೆರಡೂ ಸೋರಿದ್ದವು. ಅವರ ಕ್ವಾಲಿಟಿ ಆಫೀಸರ್ ಶುಕ್ರವಾರ ಖುದ್ದಾಗಿ ಬರುತ್ತಾರೆಂದು ಸುದ್ದಿ ಬಂತು. ಬುಧವಾರ ಅಂಜನಮ್ಮನ ಕೈಗೆ ಈ ಕಾಗದ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ.

ಗುರುವಾರ ಗುರುರಾಜ್ ಅವಳನ್ನು ಕರೆಸಿ, ಕನ್ನಡದಲ್ಲಿ ಟೈಪು ಮಾಡಿಸಿದ ಇನ್ನೊಂದು ಹಾಳೆ ಮುಂದಿಟ್ಟರು. 'ತಿಳಿಯದೆ ತಪ್ಪು ಮಾದರಿಗಳನ್ನು ಕೊಟ್ಟಿದ್ದೇನೆ, ಕ್ಷಮಿಸಿ' ಎಂದಿತ್ತು.

"ಬೇಕಂತ ಅನ್ನೋದನ್ನ ತೆಗೆಸಿದ್ದೀನಿ ನೋಡಿ ಅಂಜನಮ್ಮ. ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು. ಇಲ್ಲೊಂದು ಸಹಿ ಹಾಕಿಬಿಡಿ, ನಾಳೆ ಅವರಿಗೆ ತೋರಿಸಿ ಮುಗಿಸ್ತೀನಿ."

"ತಪ್ಪು ಮಾದ್ರಿ ಅಂದ್ರೆ ಯಾವ್ದು ಸಾರ್? ನಾನೂರೂ ಕೆಟ್ಟಿದ್ವೇ."

"ದೊಡ್ಡ ದೊಡ್ಡ ತೂತಿರೋದನ್ನ ಮಾತ್ರ ಕೊಟ್ಟಿದ್ದೀರಿ. ಅದಕ್ಕೇ ಮಷೀನು ಸಣ್ಣ ತೂತು ಕಲೀಲಿಲ್ಲ. ನರೇಶ್ ಹೇಳ್ತಾರೆ."

"ದೊಡ್ ತೂತಾ? ನಮ್ ಎರಕದಲ್ಲಿ ದೊಡ್ ತೂತು ಬರೋದೇ ಇಲ್ಲ ಸಾರ್. ಬಂದಿದ್ರೆ ಆ ಗಂಡಸ್ರು ನನ್ ಜತೆ ಯಾಕೆ ಜಗಳ ಆಡೋರು? ತೋರ್ಸಿ ನಂಗೆ, ಎಲ್ಲೈತೆ ದೊಡ್ ತೂತು?"

ಗುರುರಾಜ್ ಬೇಸರದಿಂದ ಎದ್ದು, ಅವಳನ್ನು ಆ ಎ.ಸಿ. ಕೋಣೆಗೆ ಕರೆದುಕೊಂಡು ಹೋದರು. ನಾನೂರು ಪೀಸು ಕೊಟ್ಟವಳು ಆ ಕೋಣೆಯ ಹೊಸಿಲು ದಾಟಿದ್ದು ಅದೇ ಮೊದಲು. ನರೇಶ್ ಕೆಂಪು ಕಣ್ಣು ಮಾಡಿಕೊಂಡು ಕೂತಿದ್ದ, ಎರಡು ದಿನದಿಂದ ನಿದ್ದೆಯಿಲ್ಲದವನ ಹಾಗೆ. ಅವನು ಪರದೆಯ ಮೇಲೆ ಒಂದೊಂದೇ ಫೋಟೋ ತೆಗೆದ. ಬೂದು ಬಣ್ಣದ ಪೀಸು, ಗೋಡೆಯ ಮೇಲೆ ಕಡಲೆಕಾಳಿನಷ್ಟು ಕಪ್ಪು ಕಲೆ, ಅದರ ಸುತ್ತ ಕಂಪ್ಯೂಟರ್ ಎಳೆದ ಚೌಕ.

"ಇದೇ ಮೇಡಂ ತೂತು. ಮಷೀನು ಸರಿಯಾಗೇ ಹಿಡೀತಿದೆ ನೋಡಿ. ಎಲ್ಲಾ ಇಷ್ಟಿಷ್ಟು ದೊಡ್ಡದೇ."

ಅಂಜನಮ್ಮ ಮುಂದಕ್ಕೆ ಬಾಗಿದಳು. ಇನ್ನೊಂದು ತೋರಿಸು ಅಂದಳು. ಇನ್ನೊಂದು. ಮತ್ತೊಂದು. ಐದನೆಯದಕ್ಕೆ ಅವಳ ಬೆನ್ನು ನೆಟ್ಟಗಾಯಿತು. ಆ ಕಪ್ಪು ಕಲೆಗೆ ಬಲಗಡೆ ಒಂದು ಪುಟ್ಟ ಬಾಲವಿತ್ತು. ಚುಕ್ಕೆ ಇಟ್ಟು ಕೈ ಎತ್ತುವಾಗ ಕುಂಚವನ್ನು ಕೊಂಚ ಎಳೆಯುವುದು ಅವಳ ಅಭ್ಯಾಸ. ಆರನೆಯದು ಗುಂಡಗಿತ್ತು, ಒತ್ತಿ ಇಟ್ಟದ್ದು, ಅದು ಶರಣಮ್ಮನದು. ತಮ್ಮದೇ ಮನೆಯ ರಂಗೋಲಿಯನ್ನು ಬೇರೆ ಬೀದಿಯಲ್ಲಿ ಕಂಡ ಹಾಗಾಯಿತು ಅವಳಿಗೆ.

"ಅಯ್ಯೋ ನಿನ್ ಮನೆ ಕಾಯೋಗ!" ಅಂದಳು. "ಇದು ತೂತಲ್ಲ ಕಣಪ್ಪ. ಇದು ನನ್ ಚುಕ್ಕೆ!"

"ಏನ್ ಚುಕ್ಕೆ?"

"ನೇಲ್ ಪಾಲಿಸು! ತೂತಿನ ಪಕ್ಕ ಇಡ್ತೀವಿ, ಗುರ್ತಿಗೆ. ಕೆಂಪುಗಿರೋದು ನಿನ್ ಫೋಟೋದಾಗೆ ಕಪ್ಪುಗ್ ಬಂದೈತೆ. ತೂತು ಇದ್ರಾಗೆ ಕಾಣೋದೇ ಇಲ್ಲ. ನಿನ್ ಕ್ಯಾಮೆರಾ ಚುಕ್ಕೆ ನೋಡೋದ್ ಕಲ್ತೈತೆ!"

ಗುರುರಾಜ್ ನಕ್ಕರು. ನರೇಶ್ ನಗಲಿಲ್ಲ. ಅವನ ಮುಖದ ಬಣ್ಣ ಇಳಿಯಿತು. ಎರಡು ರಾಶಿ, ಎರಡಕ್ಕೂ ಏನು ವ್ಯತ್ಯಾಸವೋ ಅದನ್ನು ಅದೇ ಹುಡುಕಿಕೊಳ್ಳುತ್ತದೆ ಎಂದು ಪಾಠ ಹೇಳಿದವನು ಅವನೇ. ಒಂದು ರಾಶಿಗೆ ಚುಕ್ಕೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

"ಬನ್ನಿ ಮೇಡಂ," ಅಂತ ಅವನೇ ಮೊದಲು ಎದ್ದ.

ಬೆಲ್ಟಿನ ಹತ್ತಿರ ಜನ ಸೇರಿದರು. ಅಂಜನಮ್ಮ ಹೊಸೂರಿನಿಂದ ವಾಪಸು ಬಂದ, ಎಣ್ಣೆ ಸೋರಿದ್ದ ಪೀಸನ್ನು ತೆಗೆದುಕೊಂಡು ಬೆಲ್ಟಿನ ಮೇಲಿಟ್ಟಳು. ದೀಪ ಮಿಂಚಿತು. ಪೀಸು ಗೌರವದಿಂದ ಒಳ್ಳೆಯವುಗಳ ಸಾಲಿಗೆ ಹೋಯಿತು. ಹನ್ನೆರಡನ್ನೂ ಬಿಟ್ಟಳು, ಹನ್ನೆರಡೂ ಪಾಸು. ಆಮೇಲೆ ತಾನೇ ತಿರುಗಿಸಿ ನೋಡಿ ಆರಿಸಿದ, ಯಾವ ದೋಷವೂ ಇಲ್ಲದ ಪೀಸಿಗೆ ಬಾಟಲಿ ತೆಗೆದು ಚುಕ್ಕೆ ಇಟ್ಟಳು. ಬುಸ್! ಪಕ್ಕಕ್ಕೆ ಬಿತ್ತು. ಅದರ ಚುಕ್ಕೆಯನ್ನು ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಮತ್ತೆ ಇಟ್ಟಳು. ಪಾಸು. ಮತ್ತೆ ಚುಕ್ಕೆ. ಬುಸ್! ಶರಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಮುನಿಕೃಷ್ಣ ಬೂಟಿನ ಲೇಸು ನೋಡಿಕೊಳ್ಳುತ್ತಿದ್ದ.

"ಅವತ್ತು ನೀನು ಬೆಲ್ಟಿನ ಮ್ಯಾಲೆ ಎಸೆದಾಗ ಯಾಕೆ ಇಡೀತು ಗೊತ್ತಾಯ್ತಾ?" ಅಂತ ಅಂಜನಮ್ಮ ಅವನನ್ನು ಕೇಳಿದಳು. "ನಾನ್ ಚುಕ್ಕೆ ಇಟ್ಟಿದ್ದುಕ್ಕೆ. ನಾನು ಕದ್ದಿಟ್ಕೊಂಡಿದ್ದುಕ್ಕಲ್ಲ."

ನರೇಶ್ ಮೆಲ್ಲಗೆ, "ಚುಕ್ಕೆ ಇಡ್ತೀರಿ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಮೇಡಂ" ಅಂದ.

"ನೀನೊಂದ್ ಪೀಸು ಕೈಯಾಗಿಡ್ದು ನೋಡಿದ್ರೆ ಆಗಿರೋದು ಕಣಪ್ಪ. ಕೆಂಪುಗೆ ಎದ್ದು ಕಾಣ್ತಿತ್ತು. ಎಲ್ರಿಗೂ ಕಾಣ್ತದೆ ಅಂತ್ಲೇ ನಾವು ಸುಮ್ಕಿದ್ದುದ್ದು."

ಅದು ಅವನಿಗೆ ತಾಕಿತು. ಅವನು ಸೋರಿದ್ದ ಒಂದು ಪೀಸನ್ನು ಎತ್ತಿಕೊಂಡು, ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿ ನೋಡತೊಡಗಿದ. ಅವನಿಗೆ ಏನೂ ಕಾಣಲಿಲ್ಲ. ಈ ಹುಡುಗನ ಮೇಲೆ ಅಂಜನಮ್ಮನಿಗೆ ಸಿಟ್ಟು ಅಷ್ಟಕ್ಕೇ ಇಳಿಯಿತು. ತಪ್ಪು ಮಾಡಿದ್ದ, ಆದರೆ ತಪ್ಪು ಕಂಡಾಗ ಕಣ್ಣು ಮುಚ್ಚಿಕೊಳ್ಳಲಿಲ್ಲ.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಹೊಸೂರಿನ ಆಫೀಸರ್ ಬಂದರು, ವಸಂತ್ ಅಂತ. ಅವರನ್ನು ಮೀಟಿಂಗ್ ರೂಮಿನಲ್ಲಿ ಕೂರಿಸಿ ಫಿಲ್ಟರ್ ಕಾಫಿ ಕೊಟ್ಟು, ಗುರುರಾಜ್ ಹೊರಗೆ ಬಂದು ಅಂಜನಮ್ಮನನ್ನು ಪಕ್ಕದ ಕೋಣೆಗೆ ಕರೆದರು. ಅವಳ ಎದುರಿಗೇ ಆ ಇಂಗ್ಲಿಷ್ ನೋಟಿಸನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು.

"ಸಮಾಧಾನ ಆಯ್ತಾ? ನಿಮ್ಮ ತಪ್ಪೇನೂ ಇಲ್ಲ ಅಂತ ಫೈಲಿನಲ್ಲೂ ಬರೀತೀನಿ. ಸೋಮವಾರದಿಂದ ಬೆಂಚು ಮತ್ತೆ ಹಾಕಿಸ್ತೀನಿ, ನೀವೇ ಅದರ ಇನ್‌ಚಾರ್ಜು."

ಅಂಜನಮ್ಮ ಬುಟ್ಟಿಯಲ್ಲಿದ್ದ ತುಂಡುಗಳನ್ನು ಬಗ್ಗಿ ನೋಡಿದಳು. ಎರಡು ದಿನದಿಂದ ಹಿಡಿದಿಟ್ಟುಕೊಂಡ ಉಸಿರು ಈಗ ಹೊರಬಂದಂತಾಯಿತು.

"ದೊಡ್ ಉಪ್ಕಾರ ಸಾರ್. ಮೂರ್ ವಾರದ್ ಮಾಲು ವಾಪ್ಸು ತರಿಸ್ಕೊಂಡ್ಬುಡಿ. ನಾವ್ ನಾಲ್ಕ್ ಜನ ಕುಂತ್ರೆ ಇಪ್ಪತ್ ದಿನ್ದಾಗೆ ನೋಡಿ ಮುಗಿಸ್ತೀವಿ."

"ವಾಪಸ್ಸು?" ಗುರುರಾಜ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಯಾವುದೂ ವಾಪಸ್ಸು ಬರಲ್ಲ. ಅವರಿಗೆ ಗೊತ್ತಿರೋದು ಹನ್ನೆರಡು ಪೀಸು. ಒಂದು ದಿನ ದೀಪ ಕೆಟ್ಟಿತ್ತು, ಆ ದಿನದ ಮಾಲು ಅಷ್ಟೇ ಅಂತ ರಿಪೋರ್ಟ್ ಬರೆದಿದ್ದೀನಿ. ನಿಮ್ಮನ್ನ ಕರೆದು ಕೇಳಿದ್ರೆ ಹೌದು ಅನ್ನಿ."

"ಇಪ್ಪತ್ತೊಂದ್ ಸಾವ್ರದ ಆರ್ನೂರು ಪೀಸು ಓಗೈತೆ ಸಾರ್! ಒಂದ್ನೂ ಯಾರೂ ನೋಡಿಲ್ಲ. ದಿನುಕ್ಕೆ ಮೂವತ್ತು ಅಂದ್ರೂ ಐನೂರ್‌ಚಿಲ್ರೆ ತೂತಿಂದು ಐತೆ ಅದ್ರಲ್ಲಿ. ಐನೂರು ಗಾಡಿ!"

"ಅವರು ಟೆಸ್ಟ್ ಮಾಡ್ಕೋತಾರೆ."

"ಸಾವ್ರಕ್ಕೆ ಐವತ್ತು ಮಾಡ್ತಾರೆ. ಉಳಿದಿದ್ದು ರೋಡಿಗೆ ಓಯ್ತದೆ. ತುಮಕೂರು ರೋಡ್‌ನಾಗೆ ಲಾರಿ ಇಂದೆ ಬ್ರೇಕ್ ಇಡೀತಾನೆ ಒಬ್ಬ, ಇಡಿಯಲ್ಲ. ಆವಾಗೇನ್ ಮಾಡ್ತೀರಾ? ದೀಪ ಕೆಟ್ಟಿತ್ತು ಅಂತ ಅವ್ನ್ ಎಂಡ್ತಿಗೆ ಏಳ್ತೀರಾ?"

ಗುರುರಾಜರ ಮುಖ ಗಟ್ಟಿಯಾಯಿತು. ಬಹುವಚನ ಬಿಟ್ಟುಹೋಯಿತು.

"ನೋಡು, ಹರಿದಿದ್ದು ಕಾಗದ ಅಷ್ಟೇ, ಕಂಪ್ಯೂಟರಲ್ಲಿ ಇನ್ನೂ ಇದೆ. ಆಫೀಸಿಗೆ ತಿಳಿಸದೆ ಹನ್ನೊಂದು ವರ್ಷ ಪೀಸಿಗೆ ಬಣ್ಣ ಬಳಿದಿದ್ದೀಯ. ಮಷೀನು ಹಾಳಾಗಿದ್ದು ಅದರಿಂದಾನೇ, ನೀನೇ ಎಲ್ಲರ ಮುಂದೆ ತೋರಿಸಿಕೊಟ್ಟಿದ್ದೀಯ. ಬೇಕಂತಾನೇ ಬಳಿದಳು ಅಂತ ಬರೆದ್ರೆ ಇಲ್ಲ ಅನ್ನೋರು ಯಾರು? ಸುಮ್ಮನಿದ್ರೆ ನಿನ್ನ ಹೆಸರು ಉಳಿಯುತ್ತೆ. ಆ ಬಾಗಿಲು ತೆಗೆದ್ರೆ ಈ ಬೀದೀಲಿ ಯಾರೂ ನಿನ್ನ ಒಳಗೆ ಸೇರಿಸಲ್ಲ."

ಅಂಜನಮ್ಮ ನಿಂತೇ ಇದ್ದಳು. ಹೆಸರು ಉಳಿಯುತ್ತದಂತೆ! ಯಾವ ಹೆಸರು? ಅವಳು ನೋಡಿದ ಮಾಲನ್ನು ಮತ್ತೊಮ್ಮೆ ನೋಡುವುದು ಬೇಡ ಅನ್ನುತ್ತಿದ್ದ ಹೆಸರು. ತೂತಿದೆಯೆಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೆ, ಆ ನೋಟಿಸಿನಲ್ಲಿ ಸುಳ್ಳಾಗಿ ಬರೆದದ್ದನ್ನು ತಾನೇ ಕೈಯಾರೆ ನಿಜ ಮಾಡಿದಂತಾಗುವುದಿಲ್ಲವೇ? ಮೊನ್ನೆಯವರೆಗೆ ಅವಳು ಬೇಕೆಂದೇ ಮಾಡಿರಲಿಲ್ಲ. ಇನ್ನು ಸುಮ್ಮನಿದ್ದರೆ ಬೇಕೆಂದೇ ಮಾಡಿದ ಹಾಗೆ. ಅವಳಿಗೆ ಅಸಹ್ಯವಾಯಿತು. ಈ ಮನುಷ್ಯನ ಮೇಲೆ, ಒಂದು ಗಳಿಗೆ ಅವನಿಗೆ 'ಉಪಕಾರ' ಅಂದ ತನ್ನ ನಾಲಗೆಯ ಮೇಲೆ.

"ದಾರಿ ಬಿಡಿ ಸಾರ್," ಅಂದಳು.

ಅವರು ಬಿಡಲಿಲ್ಲ. ಅವಳು ಭುಜದಿಂದ ಸರಿಸಿಕೊಂಡು ಹೋದಳು. ಹತ್ತೊಂಬತ್ತು ವರ್ಷದಲ್ಲಿ ಆಫೀಸರೊಬ್ಬರ ಮೈಗೆ ಅವಳ ಮೈ ತಾಕಿದ್ದು ಅದೇ ಮೊದಲು. ಮೀಟಿಂಗ್ ರೂಮಿನ ಬಾಗಿಲು ತಳ್ಳಿ ಒಳಗೆ ನಿಂತಳು. ವಸಂತ್ ರಿಪೋರ್ಟಿನಿಂದ ತಲೆ ಎತ್ತಿದರು. ಹಿಂದೆಯೇ ಓಡಿಬಂದ ಗುರುರಾಜ್, "ಸಾರಿ ಸರ್, ಪ್ಯಾಕಿಂಗ್ ಲೇಬರು, ಸ್ವಲ್ಪ ತಲೆ…" ಅನ್ನುತ್ತಿದ್ದರು.

"ಹನ್ನೆರಡಲ್ಲ ಸಾರ್," ಅಂದಳು ಅಂಜನಮ್ಮ. "ಕ್ಯಾಮೆರಾ ಶುರುವಾದಾಗ್ನಿಂದ ಮೂರ್ ವಾರ ನಿಮ್ಗೆ ಬಂದಿರೋ ಮಾಲು ಒಂದ್ನೂ ಯಾರೂ ನೋಡಿಲ್ಲ. ಕ್ಯಾಮೆರಾ ನೋಡಿರೋದು ಬಣ್ಣದ್ ಚುಕ್ಕೇನ, ತೂತ್ನಲ್ಲ. ನಿಮ್ ಕಾರ್ಖಾನೇಲಿ ಗಾಡಿಗೆ ಹಾಕಿರೋದ್ನೂ ಬಿಚ್ಚಿಸ್ಬೇಕು. ಬನ್ನಿ, ಬೆಲ್ಟಿನ ಮ್ಯಾಲೆ ತೋರಿಸ್ತೀನಿ."

ವಸಂತ್ ಗುರುರಾಜರತ್ತ ನೋಡಿದರು. ಗುರುರಾಜ್ ಕಿಟಕಿಯತ್ತ ನೋಡುತ್ತಿದ್ದರು. ಬಾಗಿಲ ಬಳಿ ನಿಂತಿದ್ದ ನರೇಶ್, "ಹೌದು ಸರ್, ನಿಜ" ಅಂದ.

ವಸಂತ್ ರಿಪೋರ್ಟನ್ನು ಬೋರಲು ಹಾಕಿ, ಜೇಬಿನಿಂದ ಪೆನ್ನು ತೆಗೆದರು.

"ಚುಕ್ಕೆ ಇಟ್ಟೋರು ಯಾರು?"

"ನಾನೇ ಸಾರ್. ಅಂಜನಮ್ಮ, ಇನ್‌ಸ್ಪೆಕ್ಷನ್ನು. ಹೆಸ್ರು ಬರ್ಕೊಳ್ಳಿ. ಆದ್ರೆ ಮೊದ್ಲು ನಿಮ್ಮೋರಿಗೆ ಫೋನ್ ಮಾಡಿ ಗಾಡಿ ಜೋಡ್ಸೋ ಲೈನು ನಿಲ್ಸಿ."